ಅಪ್‌ಡೇಟ್: ಲಕ್ವಾ ಹೊಡೆದ ಅವ್ವನ್ನ ನೋಡಿಕೊಳ್ಳುವ ಏಳನೇ ಕ್ಲಾಸ್ ಹುಡುಗಿ

ಮೂರು ವಾರದ ಹಿಂದೆ ಇಲ್ಲೇ ನಿಮ್ಮನ್ನೆಲ್ಲಾ ಕೇಳಿದ್ದೆ: ಯಾದಗಿರಿ ಕಡೆ ನಮ್ಮ ಶಾಲೆಯ ಹುಡುಗಿ ದಿನಾ ತಡವಾಗಿ ಬರ್ತಾಳ, ಕ್ಲಾಸಿನ್ಯಾಗ ನಿದ್ದಿ ಮಾಡ್ತಾಳ, ಏನು ಮಾಡಲಿ ಅಂತ.

"ಯಾಕ ಲೇಟು" ಅನ್ನಬ್ಯಾಡ್ರಿ, "ಎದ್ದಾಗಿಂದ ಏನೇನು ಮಾಡ್ತಿ" ಅಂತ ಕೇಳ್ರಿ ಅಂತ ನಿಮ್ಮಲ್ಲಿ ಕೆಲವರು ಅಂದಿದ್ರಲ್ಲ, ಅದರಿಂದಲೇ ಎಲ್ಲಾ ಗೊತ್ತಾತು. ಗಣಿತ ನೋಟ್‌ಬುಕ್ಕಿನ ಹಿಂದಿನ ಹಾಳೆ ತೋರಿಸಿದಳು: 10, 12, 2, 4. ಬೆನ್ನಿಗೆ ಹುಣ್ಣಾಗಬಾರದಂತ ರಾತ್ರಿ ಎರಡೆರಡು ತಾಸಿಗೆ ಅವ್ವನ್ನ ಮಗ್ಗಲಾ ಹೊರಳಿಸ್ತಾಳ, ಒಬ್ಬಾಕಿನೇ.

ಹಾಸ್ಟೆಲಿಗೆ ಸೇರಿಸೋ ಸಲಹೆ ನಡೀಲಿಲ್ಲ. "ಅವ್ವನ್ನ ಯಾರು ಹೊರಳಿಸ್ತಾರ್ರಿ?" ಅಂದಳು. ಆಕಿ ಹೇಳಿದ್ದು ಖರೇನೇ ಅದ.

ಖರೇ ಕೆಲಸ ಆಗಿದ್ದು ಪಂಚಾಯ್ತಿಯ ವಿಆರ್‌ಡಬ್ಲ್ಯೂ (ಅಂಗವಿಕಲರಿಗೆ ನೆರವಾಗೋ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರಿಂದ. ಅವ್ವನ ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿಸಿದರು. ವೈಕಲ್ಯ 75%ಕ್ಕಿಂತ ಹೆಚ್ಚಿದ್ರ ತಿಂಗಳಿಗೆ 1400 ರೂಪಾಯಿ ಪಿಂಚಣಿ. ಆಶಾ ಕಾರ್ಯಕರ್ತೆ ಬಂದು, ಭುಜದಿಂದ ತೊಡೆತನಕ ಮಡಚಿದ ಚಾದರ ಹಾಸಿ, ಅದನ್ನ ಹಿಡಿದು ಹೊರಳಿಸೋದು ಕಲಿಸಿದರು. ಕೈ ಹಿಡಿದು ಎಳೆದ್ರ ಲಕ್ವಾ ಆದ ಕಡೆಯ ಭುಜದ ಕೀಲು ಜಾರ್ತದಂತ. ಈಗ ರಾತ್ರಿ 2 ಮತ್ತು 4ರ ಪಾಳಿ ಚಿಕ್ಕಮ್ಮಂದು.

ನನಗ ಗೊತ್ತೇ ಇರದಿದ್ದ ಮಾತು: ತಂದೆ-ತಾಯಿ ದುಡೀಲಾರದಷ್ಟು ಅನಾರೋಗ್ಯದಾಗಿದ್ರ ಮಿಷನ್ ವಾತ್ಸಲ್ಯ ಅನ್ನೋ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯ ಪ್ರಾಯೋಜಕತ್ವದಾಗ (ಸ್ಪಾನ್ಸರ್‌ಶಿಪ್) ಮಗುವಿಗೆ ತಿಂಗಳಿಗೆ 4000 ರೂಪಾಯಿ ಸಿಗ್ತದ, ಹಳ್ಳಿಯಾಗ ವರ್ಷದ ಆದಾಯ 72,000 ದಾಟಿರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕ. ಮೊದಲ ಸಲ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿತ್ತಂತ ವಾಪಸ್ ಬಂತು, ಹಂಗಾಗಿ ತಾರೀಖು ಮೊದಲೇ ನೋಡ್ರಿ. ಮಂಜೂರಾತಿ ಇನ್ನೂ ಬಂದಿಲ್ಲ. ಹುಡುಗಿ ಮಾತ್ರ ಈ ವಾರ ನಾಲ್ಕು ದಿನ ಪ್ರಾರ್ಥನೆಗೇ ಬಂದಾಳ.