ಜನವರಿಯ ಕೇದಾರಕಂಠಕ್ಕೆ ಹಗುರವಾದ ಡೌನ್ ಸ್ಲೀಪಿಂಗ್ ಬ್ಯಾಗ್: ಯಾವ ಅಂಕಿಯನ್ನು ನಂಬಬೇಕು?

ಬೆಣ್ಣೆನಗರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬರುವ ಜನವರಿಯ ಎರಡನೆಯ ವಾರದಲ್ಲಿ ನಾನು, ನನ್ನ ತಂಗಿ ಮತ್ತು ಇಬ್ಬರು ಗೆಳೆಯರು ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಹೊರಟಿದ್ದೇವೆ. ಸಾಂಕ್ರಿ ಹಳ್ಳಿಯಿಂದ ಸ್ಥಳೀಯ ಮಾರ್ಗದರ್ಶಕರೊಬ್ಬರು ಜೊತೆಗೆ ಬರುತ್ತಾರೆ. ಡೇರೆ ಮತ್ತು ಅಡುಗೆಯ ವ್ಯವಸ್ಥೆ ಅವರದು, ಹಾಸಿಗೆ ಹೊದಿಕೆ ನಮ್ಮದು ಎಂದು ಮಾತಾಗಿದೆ. ಮೂರು ರಾತ್ರಿ ಹಿಮದ ಮೇಲೆ ಮಲಗಬೇಕು. ಅದರಲ್ಲಿ ಒಂದು ರಾತ್ರಿ ಸುಮಾರು 3,400 ಮೀಟರ್ ಎತ್ತರದಲ್ಲಿ.

ನನ್ನ ಬಳಿ ಈಗಿರುವುದು ಆರು ವರ್ಷದ ಹಿಂದೆ ಕೊಂಡ ಸಿಂಥೆಟಿಕ್ ಬ್ಯಾಗ್. ಅದು ತೂಕದಲ್ಲಿ 2 ಕಿಲೋ 100 ಗ್ರಾಂ ಇದೆ, ಎಷ್ಟು ಬಿಗಿಯಾಗಿ ಸುತ್ತಿ ಕಟ್ಟಿದರೂ ಹಲಸಿನ ಹಣ್ಣಿನ ಗಾತ್ರಕ್ಕೆ ನಿಂತು ಬೆನ್ನುಚೀಲದ ಅರ್ಧವನ್ನು ನುಂಗಿಬಿಡುತ್ತದೆ. ಆದ್ದರಿಂದ ಒಂದು ಕಿಲೋ ಆಸುಪಾಸಿನ ಡೌನ್ ಬ್ಯಾಗ್, ಅಂದರೆ ಹಕ್ಕಿಯ ತುಪ್ಪುಳು ತುಂಬಿದ್ದು, ಕೊಳ್ಳಬೇಕೆಂದಿದ್ದೇನೆ. ನನಗೆ 15,000 ರೂಪಾಯಿಯವರೆಗೆ, ತಂಗಿಗೆ ಅದಕ್ಕಿಂತ ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ, ಏಕೆಂದರೆ ದಾವಣಗೆರೆಯ ಡಿಸೆಂಬರ್ ಚಳಿಗೇ ಎರಡು ರಗ್ಗು ಹೊದೆಯುವವಳು ಅವಳು.

ಅಂಗಡಿಯವರು ಹೇಳುವುದೂ ಪಟ್ಟಿಯಲ್ಲಿ ಬರೆದಿರುವುದೂ ನನಗೆ ತಾಳೆಯಾಗುತ್ತಿಲ್ಲ. ಒಂದೇ ಬ್ಯಾಗಿನ ಮೇಲೆ ಮೂರು ಉಷ್ಣಾಂಶಗಳಿರುತ್ತವೆ, ಅವುಗಳಲ್ಲಿ ಯಾವುದನ್ನು ಹಿಡಿಯಬೇಕು? 650 ಫಿಲ್ ಮತ್ತು 800 ಫಿಲ್ ಎಂಬ ವ್ಯತ್ಯಾಸಕ್ಕೆ ಅಷ್ಟೊಂದು ಹಣ ಕೊಡುವುದು ಸರಿಯೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಘಟ್ಟದಹಾದಿ

ಬೆಣ್ಣೆನಗರಿಯವರೇ, ಮೂರು ಉಷ್ಣಾಂಶಗಳ ವಿಷಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಾನು ಪೆಟ್ಟು ತಿಂದದ್ದು ಅಲ್ಲಿಯೇ. ಮೊದಲ ಸಲ ಡಿಸೆಂಬರಿನಲ್ಲಿ ಉತ್ತರಾಖಂಡದ ಬ್ರಹ್ಮತಾಲಕ್ಕೆ ಚಾರಣ ಹೋದಾಗ, ಹೊರಚೀಲದ ಮೇಲೆ ದಪ್ಪಕ್ಷರದಲ್ಲಿ ‘-10’ ಎಂದು ಅಚ್ಚಾಗಿದ್ದ ಬ್ಯಾಗನ್ನು ನಂಬಿಕೊಂಡು ಒಯ್ದಿದ್ದೆ. ದಾರಿಯ ಬೇಕಲ್‌ತಾಲದ ಡೇರೆಯಲ್ಲಿ ರಾತ್ರಿ -6 ಇತ್ತು ಅಷ್ಟೇ. ಆದರೂ ಎರಡು ಗಂಟೆಯ ನಂತರ ಮಂಡಿಯನ್ನು ಎದೆಗೆ ಒತ್ತಿಕೊಂಡು, ಹಲ್ಲು ಕಟಕಟ ಎನ್ನುತ್ತಿರುವಾಗ ಬೆಳಕು ಹರಿಯುವುದನ್ನೇ ಕಾದು ಕುಳಿತೆ. ಊರಿಗೆ ಬಂದ ಮೇಲೆ ಒಳಹೊಲಿಗೆಯಲ್ಲಿದ್ದ ಬೆರಳಗಲದ ಪಟ್ಟಿಯನ್ನು ಓದಿದರೆ, ಆ -10 ಎನ್ನುವುದು ‘ಎಕ್ಸ್‌ಟ್ರೀಮ್’ ಅಂಕಿ, ‘ಕಂಫರ್ಟ್’ ಎಂದಿದ್ದುದು 7 ಡಿಗ್ರಿ. ಚಿಕ್ಕಮಗಳೂರಿನ ಬೆಟ್ಟಕ್ಕೆ ಸರಿಹೋಗುವ ಬ್ಯಾಗನ್ನು ಹಿಮಾಲಯಕ್ಕೆ ಹೊತ್ತಿದ್ದೆ.

ಈ ಮೂರು ಅಂಕಿಗಳು ಯುರೋಪಿನ ಇಎನ್ 13537 ಎಂಬ ಮಾನದಂಡದಿಂದ ಬಂದವು; ಈಗ ಅದರ ಸ್ಥಾನದಲ್ಲಿ ಐಎಸ್‌ಒ 23537 ಇದೆ. ಶಾಖ ಹೊರಸೂಸುವ ಒಂದು ಗೊಂಬೆಗೆ ತೆಳುವಾದ ಒಳಉಡುಪು ತೊಡಿಸಿ, ಅಡಿಯಲ್ಲಿ ಮ್ಯಾಟ್ ಹಾಸಿ, ಬ್ಯಾಗಿನೊಳಗೆ ಮಲಗಿಸಿ, ಎಷ್ಟು ಶಾಖ ಸೋರುತ್ತದೆ ಎಂದು ಅಳೆಯುತ್ತಾರೆ. ಕಂಫರ್ಟ್ ಎಂದರೆ ಸಾಧಾರಣ ಮೈಕಟ್ಟಿನ ಹೆಂಗಸು ಮೈಚಾಚಿ ನೆಮ್ಮದಿಯಿಂದ ಮಲಗಬಹುದಾದ ಉಷ್ಣಾಂಶ. ಲಿಮಿಟ್ ಎಂದರೆ ಸಾಧಾರಣ ಮೈಕಟ್ಟಿನ ಗಂಡಸು ಮುದುಡಿಕೊಂಡು ಎಂಟು ಗಂಟೆ ಕಳೆಯಬಹುದಾದದ್ದು. ಎಕ್ಸ್‌ಟ್ರೀಮ್ ಎಂಬುದರಲ್ಲಿ ನಿದ್ರೆಯ ಮಾತೇ ಇಲ್ಲ; ಆರು ಗಂಟೆಯ ಮಟ್ಟಿಗೆ ಜೀವ ಉಳಿದೀತು, ಆದರೆ ಕೈಕಾಲಿಗೆ ಹಿಮಹುಣ್ಣಾಗುವ ಅಪಾಯ ಇದ್ದೇ ಇರುತ್ತದೆ ಎಂದು ಅದರ ಅರ್ಥ. ಕೊಳ್ಳುವವರು ಆ ಮೂರನೆಯ ಅಂಕಿಯನ್ನು ಬೆರಳಿನಿಂದ ಮುಚ್ಚಿಕೊಂಡು ಓದುವುದು ಒಳ್ಳೆಯದು. ನೀವಿಬ್ಬರೂ ಕಂಫರ್ಟ್ ಅಂಕಿಯನ್ನೇ ಹಿಡಿಯಿರಿ. ಗಂಡಸರಿಗೆ ಲಿಮಿಟ್ ಸಾಕು ಎನ್ನುವವರಿದ್ದಾರೆ. ಮುದುಡಿ ಮಲಗಿ ಮರುದಿನ ಬೆಳಗಿನ ಜಾವ ಎರಡು ಮೂರು ಗಂಟೆಗೆ ಎದ್ದು ಶಿಖರ ಹತ್ತಬೇಕಾದಾಗ ಅವರ ಮಾತು ನೆನಪಾಗಬಾರದು.

ಎಷ್ಟು ಕಂಫರ್ಟ್ ಬೇಕು ಎಂಬುದಕ್ಕೆ ಒಂದು ಸ್ಥೂಲ ಲೆಕ್ಕವಿದೆ. ಎತ್ತರ ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಸಾಂಕ್ರಿ ಇರುವುದು ಸುಮಾರು 1,950 ಮೀಟರಿನಲ್ಲಿ. ನಿಮ್ಮ ಮೇಲಿನ ತಂಗುದಾಣ ಅದಕ್ಕಿಂತ ಹತ್ತಿರಹತ್ತಿರ 1,500 ಮೀಟರ್ ಮೇಲಿದೆ. ಹಾಗಾಗಿ ಸಾಂಕ್ರಿಯಲ್ಲಿ ರಾತ್ರಿ ಸೊನ್ನೆಯಿದ್ದರೆ ಮೇಲೆ -10ಕ್ಕೆ ಸಿದ್ಧರಾಗಿರಬೇಕು. ನಿಮ್ಮ ದಾರಿಯಲ್ಲಿರುವ ಜೂಡಾ ಕಾ ತಾಲಾಬ್‌ನಂತಹ ಕೆರೆಯಂಗಳದ ತಗ್ಗಿನಲ್ಲಿ ತಣ್ಣನೆಯ ಗಾಳಿ ನೀರಿನಂತೆ ಇಳಿದು ನಿಲ್ಲುವುದರಿಂದ, ಅಲ್ಲಿ ಈ ಲೆಕ್ಕಕ್ಕಿಂತಲೂ ಚಳಿ ಹೆಚ್ಚಿರಬಹುದು. ನಿಮಗೆ ಕಂಫರ್ಟ್ -5ರಿಂದ -6ರವರೆಗಿನ ಬ್ಯಾಗ್, ಒಳಗೆ ಒಣಗಿದ ಉಣ್ಣೆ ಬಟ್ಟೆ, ಇಷ್ಟಿದ್ದರೆ ನಡೆಯುತ್ತದೆ. ತಂಗಿಗೆ -9 ಅಥವಾ -10 ಇರಲಿ.

ಇನ್ನು ಫಿಲ್ ಪವರ್. ಒಂದು ಔನ್ಸ್, ಅಂದರೆ 28 ಗ್ರಾಂ ಚಿಲ್ಲರೆ ಡೌನ್ ಅರಳಿ ನಿಂತಾಗ ಎಷ್ಟು ಘನ ಇಂಚು ಜಾಗ ತುಂಬುತ್ತದೆ ಎಂಬುದೇ ಈ 650 ಮತ್ತು 800. ಬಿಸಿಯನ್ನು ಹಿಡಿಯುವುದು ಪುಕ್ಕವಲ್ಲ, ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. 800ರ ಡೌನ್ ಆದರೆ ಅಷ್ಟೇ ತೂಕದಲ್ಲಿ ಸುಮಾರು 13 ಲೀಟರ್ ಗಾಳಿ ಹಿಡಿಯುತ್ತದೆ, 650ರದು ಹತ್ತೂವರೆ ಲೀಟರ್. ಆದರೆ ಈ ಅಂಕಿ ಬ್ಯಾಗ್ ಎಷ್ಟು ಬೆಚ್ಚಗಿದೆ ಎಂದು ಹೇಳುವುದಿಲ್ಲ, ಒಳಗೆ ತುಂಬಿದ ಡೌನ್‌ನ ಗುಣವನ್ನು ಮಾತ್ರ ಹೇಳುತ್ತದೆ. 800 ಫಿಲ್‌ನ 250 ಗ್ರಾಂ ತುಂಬಿದ ಬ್ಯಾಗಿಗಿಂತ 650 ಫಿಲ್‌ನ 600 ಗ್ರಾಂ ತುಂಬಿದ್ದು ಎಷ್ಟೋ ಬೆಚ್ಚಗಿರುತ್ತದೆ. ಆದ್ದರಿಂದ ‘ಒಳಗೆ ಎಷ್ಟು ಗ್ರಾಂ ತುಂಬಿದ್ದೀರಿ’ ಎಂದು ಕೇಳುವುದು ಮುಖ್ಯ. 800 ಫಿಲ್‌ನ 500 ಗ್ರಾಂ ಮಾಡುವ ಕೆಲಸಕ್ಕೆ 650 ಫಿಲ್ ಆದರೆ ಸುಮಾರು 615 ಗ್ರಾಂ ಬೇಕಾಗುತ್ತದೆ, ಅಂದರೆ ಉಳಿಯುವುದು 115 ಗ್ರಾಂ. ನನ್ನ ಅಭಿಪ್ರಾಯದಲ್ಲಿ ಮೂರು ರಾತ್ರಿಯ ಚಾರಣಕ್ಕೆ ಈ 115 ಗ್ರಾಂಗೆ ದುಬಾರಿ ಬೆಲೆ ತೆರುವ ಬದಲು ಆ ಹಣವನ್ನು ಅಡಿಯ ಹಾಸಿಗೆಗೆ ಹಾಕುವುದು ಲೇಸು.

ಹಾಸಿಗೆಯ ಮಾತನ್ನು ಯಾರೂ ಕೇಳುವುದಿಲ್ಲ, ನೀವೂ ಕೇಳಿಲ್ಲ. ಮೈಯ ಭಾರಕ್ಕೆ ಅಡಿಯಲ್ಲಿರುವ ಡೌನ್ ಅಪ್ಪಚ್ಚಿಯಾಗಿ, ಅದರಲ್ಲಿ ಗಾಳಿಯೇ ಉಳಿಯದೆ, ಬೆನ್ನಿನ ಕಡೆ ನೀವು ಎರಡು ಪದರ ನೈಲಾನ್ ಮೇಲೆ ಮಲಗಿದಂತಾಗುತ್ತದೆ. ಹಿಮದಿಂದ ಬೆನ್ನನ್ನು ಕಾಯುವುದು ಮ್ಯಾಟ್ ಒಂದೇ. ಮ್ಯಾಟಿನ ಶಾಖತಡೆಯನ್ನು ‘ಆರ್’ ಅಂಕಿಯಿಂದ ಹೇಳುತ್ತಾರೆ. ಮಡಿಸುವ ಫೋಮ್ ಮ್ಯಾಟಿಗೆ ಅದು ಸುಮಾರು 2 ಇರುತ್ತದೆ, ಹಿಮದ ಮೇಲೆ ಮಲಗಲು 5ಕ್ಕಿಂತ ಕಡಿಮೆಯಾಗಬಾರದು. ಒಂದರ ಮೇಲೊಂದು ಹಾಸಿದರೆ ಆರ್ ಅಂಕಿಗಳು ಕೂಡಿಕೊಳ್ಳುವುದರಿಂದ, ಕೆಳಗೆ ಫೋಮ್, ಮೇಲೆ 4ರ ಆಸುಪಾಸಿನ ಗಾಳಿ ಮ್ಯಾಟ್ ಹಾಕಿಕೊಳ್ಳಿ. ಗಾಳಿ ಮ್ಯಾಟ್ ನಡುರಾತ್ರಿ ತೂತಾದರೂ ಫೋಮ್ ಕೈ ಬಿಡುವುದಿಲ್ಲ.

ಬೌಲ್ಡರ್‌ವಾಸಿ

ಘಟ್ಟದಹಾದಿಯವರು ವಿವರವಾಗಿ ಬರೆದಿದ್ದಾರೆ. ನಾನು ಹನ್ನೊಂದು ವರ್ಷದಿಂದ ಕೊಲರಾಡೊದಲ್ಲಿದ್ದೇನೆ. ಪ್ರತಿ ಚಳಿಗಾಲದಲ್ಲೂ ಊರಿನಿಂದ ಯಾರಾದರೂ ‘ಅಲ್ಲಿಂದ ಒಂದು ಝೀರೋ ಡಿಗ್ರಿ ಬ್ಯಾಗ್ ತಂದುಕೊಡು’ ಎಂದು ಕೇಳುವುದರಿಂದ ಈ ಒಂದು ಮಾತು ಸೇರಿಸುತ್ತಿದ್ದೇನೆ. ಅಮೆರಿಕದ ಬ್ಯಾಗಿನ ಹೆಸರಿನಲ್ಲಿರುವ ಸಂಖ್ಯೆ ಫ್ಯಾರನ್‌ಹೀಟ್‌ನಲ್ಲಿರುತ್ತದೆ. ಇಲ್ಲಿನ ಸೊನ್ನೆ ಎಂದರೆ ನಮ್ಮ -18, ಇಲ್ಲಿನ 20 ಎಂದರೆ ಸುಮಾರು -7. ನನ್ನ ಸೋದರಮಾವನ ಮಗನಿಗೆ ಬೇಕಾಗಿದ್ದುದು ಊಟಿಯಲ್ಲಿ ಹೊದೆಯಲು ಒಂದು ಬ್ಯಾಗ್. ನಾನು ವಿಚಾರಿಸದೆ ಇಲ್ಲಿನ ಝೀರೋ ಬ್ಯಾಗ್ ಒಯ್ದುಕೊಟ್ಟೆ, ಪಾಪ, ಅವನು ಬೆವರಿ ನೆನೆದು ಅದನ್ನು ಹಾಸಿಗೆಯಾಗಿ ಬಳಸಿದನಂತೆ. ಇನ್ನೊಂದು ಸೂಕ್ಷ್ಮವೆಂದರೆ, ಇಲ್ಲಿ ಗಂಡಸರ ಬ್ಯಾಗಿನ ಹೆಸರಿಗೆ ಸಾಮಾನ್ಯವಾಗಿ ಲಿಮಿಟ್ ಅಂಕಿಯನ್ನೂ ಹೆಂಗಸರ ಬ್ಯಾಗಿಗೆ ಕಂಫರ್ಟ್ ಅಂಕಿಯನ್ನೂ ಇಡುತ್ತಾರೆ. ತರಿಸುವುದಾದರೆ ಹೆಸರನ್ನು ಬಿಟ್ಟು ಪರೀಕ್ಷೆಯ ಅಂಕಿಗಳನ್ನು ಕೇಳಿ ತರಿಸಿ.

ತೂಕ ಉಳಿಸುವ ಉತ್ಸಾಹದಲ್ಲಿ ಕೆಲವರು ಕ್ವಿಲ್ಟ್ ಕೊಳ್ಳಿ ಎನ್ನುತ್ತಾರೆ. ಅಡಿಭಾಗ ಮತ್ತು ತಲೆಕುಲಾವಿ ಎರಡೂ ಇಲ್ಲದ ರಜಾಯಿಯಂತಹ ವಸ್ತು ಅದು. ನಾನು ಬೇಸಿಗೆಯಲ್ಲಿ ಅದನ್ನೇ ಬಳಸುತ್ತೇನೆ, ಆದರೆ ಹಿಮದಲ್ಲಿ ಮಗ್ಗುಲು ಬದಲಿಸಿದಾಗಲೆಲ್ಲ ಬದಿಯಿಂದ ಗಾಳಿ ನುಗ್ಗುತ್ತದೆ. ನಿಮಗೆ ಬೇಕಾದದ್ದು ಕಾಲಿನ ಕಡೆ ಕಿರಿದಾಗುವ ಮಮ್ಮಿ ಆಕಾರದ ಬ್ಯಾಗ್. ಅದರಲ್ಲಿ ಕುತ್ತಿಗೆಯ ಸುತ್ತ ಡೌನ್ ತುಂಬಿದ ಕೊಳವೆಯೊಂದಿರಬೇಕು, ಜಿಪ್ಪಿನ ಹಿಂದೆಯೂ ಅಂತಹದ್ದೇ ಇನ್ನೊಂದು ಇರಬೇಕು. ಅಂಗಡಿಯಲ್ಲಿ ಬ್ಯಾಗನ್ನು ಬೆಳಕಿಗೆ ಹಿಡಿದು ಹೊಲಿಗೆಯನ್ನು ನೋಡಿ. ಒಳಬಟ್ಟೆಯನ್ನೂ ಹೊರಬಟ್ಟೆಯನ್ನೂ ಒಂದೇ ದಾರದಿಂದ ಸೇರಿಸಿ ಹೊಲಿದಿದ್ದರೆ ಆ ಗೆರೆಯುದ್ದಕ್ಕೂ ಡೌನ್ ಇರುವುದಿಲ್ಲ, ಚಳಿ ಅಲ್ಲಿಂದಲೇ ಇಳಿಯುತ್ತದೆ. ಎರಡರ ನಡುವೆ ತೆಳುಬಟ್ಟೆಯ ಗೋಡೆ ಕಟ್ಟಿ ಪೆಟ್ಟಿಗೆಯಂತೆ ಮಾಡಿದ್ದರೆ ಅದು ಚಳಿಗಾಲಕ್ಕೆ ಮಾಡಿದ ಬ್ಯಾಗ್.

ತೇವದ ಬಗ್ಗೆಯೂ ಎಚ್ಚರವಿರಲಿ. ಬೂರುಗದ ಅರಳೆಯ ದಿಂಬು ನೆನೆದರೆ ಹೇಗೆ ಗಂಟುಗಂಟಾಗಿ ಮೂಲೆ ಸೇರುತ್ತದೆಯೋ, ನೆನೆದ ಡೌನ್ ಕೂಡ ಹಾಗೆಯೇ. ನೀರು ಹಿಡಿಯದಂತೆ ಸಂಸ್ಕರಿಸಿದ ಡೌನ್ ಸಿಗುತ್ತದೆ. ಅದು ತೇವ ಹೀರುವುದು ನಿಧಾನ, ಆದರೆ ಮಳೆಗೆ ಒಡ್ಡುವಂತಹದ್ದಲ್ಲ. ಹಿಮದ ಚಾರಣದಲ್ಲಿ ಬ್ಯಾಗ್ ಒದ್ದೆಯಾಗುವುದು ಮಳೆಯಿಂದಲ್ಲ, ನಮ್ಮ ಉಸಿರಿನಿಂದ. ಮೂಗು ತಣ್ಣಗಾಯಿತೆಂದು ತಲೆಯನ್ನು ಬ್ಯಾಗಿನೊಳಗೆ ಎಳೆದುಕೊಂಡು ಮಲಗಿದರೆ ಬೆಳಿಗ್ಗೆ ಎದೆಯ ಭಾಗ ತೊಪ್ಪೆಯಾಗಿರುತ್ತದೆ. ಕುಲಾವಿಯ ದಾರ ಎಳೆದು ಬಾಯಿ ಮೂಗು ಮಾತ್ರ ಹೊರಗಿರುವಂತೆ ಮಲಗಿ. ಡೇರೆಯ ಒಳಗೋಡೆಯಲ್ಲಿ ಕಟ್ಟಿದ ಮಂಜಿನ ಪುಡಿ ಬೆಳಿಗ್ಗೆ ಯಾರಾದರೂ ಎದ್ದಾಗ ರವೆಯಂತೆ ಉದುರುತ್ತದೆ. ಅದು ಕರಗುವ ಮೊದಲು ಕೊಡವಿ, ಬಿಸಿಲು ಬಂದೊಡನೆ ಬ್ಯಾಗನ್ನು ಒಳಹೊರಗು ಮಾಡಿ ಡೇರೆಯ ಮೇಲೆ ಅರ್ಧ ಗಂಟೆ ಹರವಿ.

ಮಲೆನಾಡಮಳೆ

ನನ್ನದು ಸಕಲೇಶಪುರದ ಹತ್ತಿರದ ತೋಟದ ಮನೆ. ಬ್ಯಾಗ್ ಕೊಳ್ಳುವುದಕ್ಕಿಂತ ಅದನ್ನು ನಾಲ್ಕು ಮಳೆಗಾಲ ಉಳಿಸುವುದು ಕಷ್ಟ ಎಂದು ಅನುಭವದಿಂದ ಬಲ್ಲೆ. ಬಂದ ಮೇಲೆ ಸಣ್ಣ ಚೀಲದಲ್ಲಿ ತುರುಕಿಟ್ಟರೆ ಡೌನ್ ಮತ್ತೆ ಅರಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ನಾನು ಹಳೆಯ ಕಾಟನ್ ಸೀರೆಯಿಂದ ದೊಡ್ಡದೊಂದು ಚೀಲ ಹೊಲಿದು, ಅದರಲ್ಲಿ ಸಡಿಲವಾಗಿ ತುಂಬಿ, ಗೋಡೆಗೆ ತಾಗದಂತೆ ಬೀರುವಿನ ಮೇಲಿಡುತ್ತೇನೆ. ಒಗೆಯಲು ಸಾಮಾನ್ಯ ಸೋಪಿನ ಪುಡಿ ಬೇಡ, ಡೌನ್‌ಗೆಂದೇ ಬರುವ ಸೋಪು ಬೇಕು. ಒಣಗಿಸುವ ಯಂತ್ರದಲ್ಲಿ ಕಡಿಮೆ ಬಿಸಿಯಲ್ಲಿ ಎರಡು ಟೆನಿಸ್ ಚೆಂಡುಗಳನ್ನು ಜೊತೆಗೆ ಹಾಕಿ ತಿರುಗಿಸಿದರೆ ಗಂಟುಗಳು ಬಿಡುತ್ತವೆ. ಹೊಲಿಗೆಯಿಂದ ಗರಿಯ ತುದಿ ಇಣುಕಿದರೆ ಕೀಳಬೇಡಿ, ಒಂದರ ಹಿಂದೆ ನಾಲ್ಕು ಬರುತ್ತವೆ. ಬಟ್ಟೆಯ ಆ ಕಡೆಯಿಂದ ಹಿಡಿದು ಒಳಕ್ಕೆ ಎಳೆದುಕೊಂಡು ರಂಧ್ರವನ್ನು ಉಗುರಿನಿಂದ ತಿಕ್ಕಿ.

ಇನ್ನೊಂದು ವಿಷಯ. ಡೌನ್ ಎಂದರೆ ಬಾತುಕೋಳಿ ಅಥವಾ ಹೆಬ್ಬಾತಿನ ಎದೆಯ ತುಪ್ಪುಳು ಎಂಬುದು ಅನೇಕರಿಗೆ ಕೊಂಡ ಮೇಲೆ ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ಅತ್ತೆಯವರು ಅದನ್ನು ದೇವರ ಕೋಣೆಯ ಪಕ್ಕದ ಕಪಾಟಿನಲ್ಲಿಡಲು ಒಪ್ಪಲಿಲ್ಲ, ಅದು ಅವರ ವಿಚಾರ. ನಾನು ಮಾತ್ರ ‘ಆರ್‌ಡಿಎಸ್’ (ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್) ಗುರುತಿರುವುದನ್ನು ಹುಡುಕಿ ಕೊಂಡೆ. 2014ರಲ್ಲಿ ಬಂದ ಈ ಮಾನದಂಡ ಜೀವಂತ ಹಕ್ಕಿಯಿಂದ ಪುಕ್ಕ ಕೀಳುವುದನ್ನೂ ಬಲವಂತವಾಗಿ ತಿನ್ನಿಸುವುದನ್ನೂ ನಿಷೇಧಿಸುತ್ತದೆ. ಬೇಡವೆನಿಸಿದರೆ ಸಿಂಥೆಟಿಕ್‌ನಲ್ಲಿ ಉಳಿಯಬಹುದು, ತೂಕವನ್ನು ಒಪ್ಪಿಕೊಳ್ಳಬೇಕು ಅಷ್ಟೇ.

ಬೆಣ್ಣೆನಗರಿ

ಮೂವರಿಗೂ ಕೃತಜ್ಞತೆಗಳು. ಭಾನುವಾರ ಬೆಂಗಳೂರಿಗೆ ಹೋಗಿ ಎರಡು ಅಂಗಡಿಗಳಲ್ಲಿ ನೋಡಿ ಬಂದೆ. ಮೊದಲನೆಯ ಕಡೆ ‘ಇದರಲ್ಲಿ 600 ಗ್ರಾಂ ಡೌನ್ ಇದೆ ಸರ್’ ಎಂದು ತೋರಿಸಿದರು. ಒಳಪಟ್ಟಿ ಓದಿದರೆ 600 ಎನ್ನುವುದು ಫಿಲ್ ಪವರ್, ತುಂಬಿದ್ದು 280 ಗ್ರಾಂ, ಕಂಫರ್ಟ್ 5 ಡಿಗ್ರಿ. ನೀವು ಬರೆಯದೇ ಇದ್ದಿದ್ದರೆ ಅದನ್ನೇ ಹೊತ್ತು ಬರುತ್ತಿದ್ದೆ. ಎರಡನೆಯ ಕಡೆ 650 ಫಿಲ್‌ನ 680 ಗ್ರಾಂ ತುಂಬಿದ, ಒಟ್ಟು 1 ಕಿಲೋ 240 ಗ್ರಾಂ ತೂಗುವ, ಕಂಫರ್ಟ್ -5 ಇರುವ ಒಂದು ಸಿಕ್ಕಿತು. ಒಂದು ಕಿಲೋ ಎಂಬ ಹಟವನ್ನು ಬಿಟ್ಟಿದ್ದೇನೆ. ತಂಗಿಗೆ -10ರ ಬ್ಯಾಗ್ ನಮ್ಮ ಬಜೆಟ್ಟಿಗೆ ಎಟುಕುತ್ತಿಲ್ಲ. ಅವಳಿಗೂ ಇದನ್ನೇ ಕೊಂಡು, ಸಾಂಕ್ರಿಯಲ್ಲಿ ಬಾಡಿಗೆಗೆ ಇನ್ನೊಂದು ಸಿಂಥೆಟಿಕ್ ಬ್ಯಾಗ್ ತೆಗೆದುಕೊಂಡು ಮೇಲೆ ಹೊದಿಸಿದರೆ ಸಾಕಾದೀತೇ?

ಘಟ್ಟದಹಾದಿ

ಸಾಕಾಗುತ್ತದೆ, ಆದರೆ ಮೇಲಿನ ಬ್ಯಾಗನ್ನು ಜಿಪ್ ಬಿಚ್ಚಿ ರಗ್ಗಿನಂತೆ ಸಡಿಲವಾಗಿ ಹರವಬೇಕು. ಒಂದರೊಳಗೊಂದು ತುರುಕಿದರೆ ಡೌನ್ ಅಮುಕಿಹೋಗಿ ಎರಡೂ ವ್ಯರ್ಥ. ಮೇಲಿರುವ ಸಿಂಥೆಟಿಕ್ ಡೇರೆಯ ಮಂಜನ್ನು ತಾನು ಹಿಡಿದು ಡೌನನ್ನು ಒಣಗಿಸಿಡುತ್ತದೆ ಎಂಬುದು ಹೆಚ್ಚಿನ ಲಾಭ. ಬಾಡಿಗೆಗೆ ಏಕೆ, ನಿಮ್ಮ ಹಳೆಯ ಹಲಸಿನ ಹಣ್ಣನ್ನೇ ಒಯ್ಯಿರಿ; ಸಾಂಕ್ರಿಯಲ್ಲಿ ಹೇಸರಗತ್ತೆ ಸಿಕ್ಕರೆ ಅದರ ಮೇಲೆ ಹೇರಿದರಾಯಿತು. ಮಲಗುವ ಮುನ್ನ ಅವರ ಅಡುಗೆಯವರಿಂದ ಬಿಸಿನೀರು ಕೇಳಿ ಗಟ್ಟಿ ಮುಚ್ಚಳದ ಬಾಟಲಿಗೆ ತುಂಬಿ, ಅದಕ್ಕೊಂದು ಉಣ್ಣೆಯ ಕಾಲುಚೀಲ ತೊಡಿಸಿ, ತಂಗಿಯ ಕಾಲಿನ ಬಳಿ ಇಡಿ. ಮುಚ್ಚಳ ಸೋರುವುದೇ ಎಂದು ಮನೆಯಲ್ಲೇ ಒಂದು ರಾತ್ರಿ ತಲೆಕೆಳಗಾಗಿಟ್ಟು ಪರೀಕ್ಷಿಸಿಕೊಳ್ಳಿ.