ಪದಚರ್ಚೆ: ಬೆಸುಗೆಗೆ ಮುಂಚೆ ಚಿನ್ನ ಬೆಳ್ಳಿಯನ್ನು ‘ಶುದ್ಧೀಕರಿಸುವುದು’ ಸರಿಯೇ?

ಪ್ರಶ್ನೆ, ಉಡುಪಿಯಿಂದ:

ಮಾನ್ಯರೇ, ಆಭರಣ ಕೆಲಸ ಕಲಿಯುವವರಿಗಾಗಿ ಇಲ್ಲಿ ಕನ್ನಡದಲ್ಲೊಂದು ಕೈಪಿಡಿ ಸಿದ್ಧವಾಗುತ್ತಿದೆ. ಬೆಸುಗೆಯ ಅಧ್ಯಾಯದಲ್ಲಿ ಮೂರು ಪದ ತೊಡಕಾಗಿವೆ. ‘ಕ್ಲೀನಿಂಗ್’ಗೆ ಕರಡಿನಲ್ಲಿ ‘ಶುದ್ಧೀಕರಣ’ ಎಂದಿದೆ, ಬೆಸೆಯುವಾಗ ಅಂಚಿಗೆ ಹಚ್ಚುವ ‘ಫ್ಲಕ್ಸ್’ಗೆ ‘ಶೋಧಕ’. ಕಾಯಿಸಿದ ಆಭರಣದ ಕಪ್ಪು ತೆಗೆಯುವ ‘ಪಿಕಲ್’ ಅನ್ನು ಅನುವಾದದ ತಂತ್ರಾಂಶ ‘ಉಪ್ಪಿನಕಾಯಿ’ ಮಾಡಿಟ್ಟಿದೆ. ಓದಿದ ಕೂಡಲೇ ಕೈಗೆ ಏನು ಮಾಡಬೇಕೆಂದು ತಿಳಿಯುವಂಥ ಪದಗಳು ಬೇಕಾಗಿವೆ.

ಉತ್ತರ, ಮಂಗಳೂರಿನಿಂದ:

‘ಶುದ್ಧೀಕರಣ’ವನ್ನು ದಯವಿಟ್ಟು ಕೈಬಿಡಿ. ಅಕ್ಕಸಾಲಿಗರ ನಡುವೆ ಅದು ಪುಟಕ್ಕಿಟ್ಟು ಬೆರಕೆ ತೆಗೆಯುವ ಕೆಲಸ. 22 ಕ್ಯಾರೆಟ್ಟಿನ ಬಳೆಯನ್ನು ‘ಶುದ್ಧೀಕರಿಸಿ’ ಎಂದರೆ ತಾಮ್ರ ಬೆಳ್ಳಿ ತೆಗೆದು 24ಕ್ಕೆ ಏರಿಸು ಎಂದಂತಾಯಿತು. ‘ಚೊಕ್ಕ ಮಾಡು’ ಕೂಡ ಬೇಡ, ಚೊಕ್ಕ ಚಿನ್ನ ಎಂದರೆ ಅಪ್ಪಟ ಚಿನ್ನವೇ.

ನನ್ನ ಕೇಳಿದರೆ ಇಲ್ಲಿ ಒಂದೇ ಪದ ಹುಡುಕುವುದೇ ತಪ್ಪು. ಲೋಹದ ಮೇಲಿನ ಕೊಳೆ ಒಂದೇ ಬಗೆಯದಲ್ಲ, ತೆಗೆಯುವ ದಾರಿಯೂ ಒಂದೇ ಅಲ್ಲ.

ಮೊದಲನೆಯದು ಜಿಡ್ಡು: ಬೆರಳಿನ ಎಣ್ಣೆ, ಒಪ್ಪ ಹಾಕುವ ಮೇಣ. ಇದು ಆಮ್ಲಕ್ಕೆ ಜಗ್ಗುವುದಿಲ್ಲ. ಬಿಸಿನೀರಿಗೆ ಪಾತ್ರೆ ತೊಳೆಯುವ ಸಾಬೂನು ಹಾಕಿ, ಇಲ್ಲವೇ ಅಂಟುವಾಳದ ನೊರೆಯಲ್ಲಿ ಮೆದು ಬ್ರಶ್ಶಿನಿಂದ ತಿಕ್ಕಬೇಕು. ಹೋಯಿತೋ ಇಲ್ಲವೋ ನೋಡಲು ನೀರು ಹನಿಸಿ. ನೀರು ತೆಳ್ಳಗೆ ಹರಡಿ ನಿಂತರೆ ಹೋಗಿದೆ, ಮಣಿಮಣಿಯಾದರೆ ಉಳಿದಿದೆ. ಆಮೇಲೆ ಬೆಸೆಯುವ ಅಂಚನ್ನು ಬರಿಗೈಯಲ್ಲಿ ಮುಟ್ಟಬಾರದು.

ಎರಡನೆಯದು ಕಪ್ಪು. ಈ ಪದ ಎರಡು ಬೇರೆ ವಸ್ತುಗಳಿಗೆ ನಡೆಯುತ್ತದೆ, ಕೈಪಿಡಿಯಲ್ಲಿ ಬಿಡಿಸಿ ಹೇಳಲೇಬೇಕು. ಕಾಯಿಸಿದಾಗ ಬರುವ ಕಪ್ಪು ತಾಮ್ರದ ಆಕ್ಸೈಡ್. ಅಪ್ಪಟ ಚಿನ್ನಕ್ಕೆ ಅದು ಬರುವುದಿಲ್ಲ. 916 ಚಿನ್ನಕ್ಕೂ 925 ಬೆಳ್ಳಿಗೂ (ಸಾವಿರ ಪಾಲಿನಲ್ಲಿ ಅಷ್ಟು ಅಪ್ಪಟ ಲೋಹ) ಬರುವುದು ಅವುಗಳಲ್ಲಿರುವ ತಾಮ್ರದಿಂದ. ಆಮ್ಲದ ನೀರು ಇದನ್ನು ಕರಗಿಸುತ್ತದೆ. ಇಟ್ಟಲ್ಲೇ ಬೆಳ್ಳಿಗೆ ಹಿಡಿಯುವ ಕಪ್ಪು ಬೆಳ್ಳಿಯ ಸಲ್ಫೈಡ್. ಗಾಳಿಯಲ್ಲಿ ತೇವ ಹೆಚ್ಚಾದಷ್ಟು ಬೇಗ ಹಿಡಿಯುತ್ತದೆ, ಕರಾವಳಿಯ ಮಳೆಗಾಲ ಗೊತ್ತಲ್ಲ. ಇದು ಆಮ್ಲದ ನೀರಿನಲ್ಲಿ ಹೋಗುವುದಿಲ್ಲ. ಅಲ್ಯೂಮಿನಿಯಂ ಹಾಳೆಯ ಮೇಲಿಟ್ಟು ಅಡುಗೆ ಸೋಡಾ ಬೆರೆಸಿದ ಬಿಸಿನೀರು ಸುರಿಯಬೇಕು, ಇಲ್ಲವೇ ಹೆರೆದು ತೆಗೆಯಬೇಕು. ‘ಹೆರೆ’ ನಮ್ಮ ಕಡೆ ಹೆರೆಮಣೆಯಿಂದ ಎಲ್ಲರಿಗೂ ಗೊತ್ತಿರುವ ಪದ, ಹಾಗೇ ಬಳಸಿ. ಅಂಚು ಹೆರೆಯಲು 400ರ ಎಮರಿ ಕಾಗದ ಸಾಕು. ಕನ್ನಡಿಯಂತೆ ನುಣುಪು ಮಾಡಬಾರದು, ಕರಗಿದ ಬೆಸುಗೆ ಲೋಹ ಹರಿಯಲು ಸಣ್ಣ ಗೀರುಗಳೇ ದಾರಿ.

ಮೂರನೆಯದು ಹಳೆ ರಿಪೇರಿಯ ಸೀಸ. ಇದನ್ನು ದಪ್ಪಕ್ಷರದಲ್ಲಿ ಹಾಕಿ. ಸೀಸ ಉಳಿದಂತೆಯೇ ಕೆಂಪಗೆ ಕಾಯಿಸಿದರೆ ಅದು ಬೆಳ್ಳಿಯನ್ನೂ ಚಿನ್ನವನ್ನೂ ತಿಂದು ಗುಳಿ ಬೀಳಿಸುತ್ತದೆ, ತುಂಡು ಪೆಡಸಾಗಿ ಮುರಿಯುತ್ತದೆ. ಬೂದುಬಣ್ಣದ ಕಲೆ ಕಾಣದ ತನಕ ಹೆರೆಯದೆ ಬೆಂಕಿಗೆ ಹಿಡಿಯಬಾರದು.

‘ಪಿಕಲ್’ಗೆ ‘ಆಮ್ಲದ ನೀರು’ ಎಂದರೆ ಸಾಕು, ಹೊಸ ಪದ ಕಟ್ಟುವ ಗೋಜು ಬೇಡ. ಒಂದು ಲೀಟರ್ ನೀರಿಗೆ ಸುಮಾರು 100 ಮಿಲಿಲೀಟರ್ ಗಂಧಕಾಮ್ಲ. ಆಮ್ಲವನ್ನೇ ನೀರಿಗೆ ನಿಧಾನ ಬಿಡಬೇಕು, ನೀರನ್ನು ಆಮ್ಲಕ್ಕೆ ಸುರಿದರೆ ಕುದಿದು ಮುಖಕ್ಕೆ ಹಾರುತ್ತದೆ. ಕಲಿಯುವವರಿಗೆ ಲೀಟರಿಗೆ 100 ಗ್ರಾಂ ಸಿಟ್ರಿಕ್ ಆಮ್ಲ ಹೆಚ್ಚು ಕ್ಷೇಮ, ಸ್ವಲ್ಪ ತಡವಾಗುತ್ತದೆ ಅಷ್ಟೆ. ಎರಡೂ ಬಿಸಿಯಿರಲಿ, ಕುದಿಯುವುದು ಬೇಡ. ಕೆಂಪಗಿನ ತುಂಡನ್ನು ನೇರ ಇಳಿಸಬಾರದು. ಕಬ್ಬಿಣದ ಚಿಮಟ, ಕಟ್ಟುತಂತಿ ಯಾವುದೂ ಒಳಗೆ ಹೋಗಬಾರದು. ಹೋದರೆ ನೀರಿನಲ್ಲಿ ಕರಗಿದ ತಾಮ್ರ ಆಭರಣದ ಮೇಲೆ ಕೂತು ಇಡೀ ತುಂಡು ಕೆಂಪಾಗುತ್ತದೆ. ತಾಮ್ರದ್ದೋ ಪ್ಲಾಸ್ಟಿಕ್ಕಿನದೋ ಚಿಮಟ ಇಟ್ಟುಕೊಳ್ಳಲಿ. ತೆಗೆದ ಮೇಲೆ ಅಡುಗೆ ಸೋಡಾ ಬೆರೆಸಿದ ನೀರು, ಆಮೇಲೆ ಬರೀ ನೀರು. ಸರದ ಕೊಂಡಿಗಳ ಸಂದಿಯಲ್ಲಿ ಉಳಿದ ಆಮ್ಲ ದಿನ ಕಳೆದು ಹಸಿರಾಗಿ ಹೊರಬರುತ್ತದೆ. ಟೊಳ್ಳು ಗುಂಡಿನೊಳಗೆ ನೀರು ಉಳಿದಿದ್ದರೆ ಕಾಯಿಸುವಾಗ ಸಿಡಿಯುತ್ತದೆ.

‘ಫ್ಲಕ್ಸ್’ಗೆ ‘ಬಿಳಿಗಾರ’ ಎನ್ನುವ ಹಳೆಯ ಪದವೇ ಇದೆ, ಟಂಕಣ, ಬೊರಾಕ್ಸ್ ಎಂದರೂ ಅದೇ. ‘ಶೋಧಕ’ ಎಂದರೆ ಕೊಳೆಯನ್ನೆಲ್ಲ ಅದೇ ತೆಗೆಯುತ್ತದೆಂದು ಕಲಿಯುವವರು ನಂಬಿಬಿಡುತ್ತಾರೆ. ಬಿಳಿಗಾರ ಕಾದು ಗಾಜಿನಂತಾಗಿ ಗಾಳಿ ತಡೆಯುತ್ತದೆ, ಆಗತಾನೆ ಹುಟ್ಟುವ ಆಕ್ಸೈಡನ್ನು ಕರಗಿಸಿಕೊಳ್ಳುತ್ತದೆ. ಜಿಡ್ಡು, ಸೀಸ ಅದರ ಕೆಲಸವಲ್ಲ.

ಇನ್ನೊಂದು ಉತ್ತರ, ಉಡುಪಿಯಿಂದ:

ಮೇಲಿನವರ ಮಾತು ಒಪ್ಪಿಗೆ, ಒಂದು ತಿದ್ದುಪಡಿ ಇದೆ. ‘ಬಿಳಿಗಾರ’ ಒಂದು ವಸ್ತುವಿನ ಹೆಸರು. ಪೇಟೆಯಲ್ಲಿ ಬೋರಿಕ್ ಆಮ್ಲ ಬೆರೆಸಿದ್ದು, ಫ್ಲೋರೈಡ್ ಸೇರಿಸಿದ್ದು ಎಲ್ಲವೂ ಫ್ಲಕ್ಸ್ ಹೆಸರಿನಲ್ಲೇ ಸಿಗುತ್ತವೆ. ಆದ್ದರಿಂದ ವರ್ಗಕ್ಕೆ ‘ಫ್ಲಕ್ಸ್’ ಇರಲಿ, ಬೊರಾಕ್ಸಿಗೆ ಮಾತ್ರ ‘ಬಿಳಿಗಾರ’.

ಬಿಳಿಗಾರ ‘ಅರಳುವುದನ್ನೂ’ ಸೇರಿಸಿ. ಹರಳಿನೊಳಗಿನ ನೀರು ಹೋಗುವಾಗ ಅದು ಉಬ್ಬಿ ಬೆಸುಗೆ ಲೋಹದ ಚೂರನ್ನು ಪಕ್ಕಕ್ಕೆ ತಳ್ಳುತ್ತದೆ. ಉರಿಯನ್ನು ದೂರದಿಂದ ನಿಧಾನ ಆಡಿಸಿ ಅರಳಿ ಕೂರಲು ಬಿಟ್ಟು, ಚೂರನ್ನು ಸರಿಪಡಿಸಿ, ಆಮೇಲೆ ಹತ್ತಿರ ತರಬೇಕು.

‘ಬೆಸುಗೆ’ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಬೆಸುಗೆ ಲೋಹದ ಚೂರು ಕರಗಿಸಿ ಕೂಡಿಸುವ ಸೋಲ್ಡರಿಂಗಿಗೂ ವೆಲ್ಡಿಂಗಿಗೂ ಅದೇ ಪದ. ಲೇಸರ್ ಯಂತ್ರದಲ್ಲಿ ಲೋಹದ ಅಂಚುಗಳೇ ಕರಗಿ ಕೂಡುತ್ತವೆ, ಬಿಳಿಗಾರ ಹಚ್ಚುವುದಿಲ್ಲ. ಅಲ್ಲಿ ಉಳಿದ ಜಿಡ್ಡು ಸುಟ್ಟು ಸಣ್ಣ ತೂತು ಬೀಳುತ್ತದೆ. ಅಧ್ಯಾಯದ ತಲೆಬರಹದಲ್ಲೇ ‘ಲೇಸರ್ ಬೆಸುಗೆ’, ‘ಉರಿ ಬೆಸುಗೆ’ ಎಂದು ಬೇರೆ ಮಾಡಿದರೆ ಬಿಳಿಗಾರದ ಪುಟ ಯಾರಿಗೆ ಎಂಬ ಗೊಂದಲ ಇರುವುದಿಲ್ಲ.