ಅಪ್ಪನ ತೊಡೆ, ಬೆರಳುಗಳ ಶಕ್ತಿ ಕುಂದುತ್ತಿದೆ, ಅನುಭವವಿದ್ದವರು ತಿಳಿಸಿ

ಕೊಪ್ಪಳದಿಂದ: ಅಪ್ಪನಿಗೆ 63 ವರ್ಷ. ಮೆಟ್ಟಿಲಿನಲ್ಲಿ ಮೊಣಕಾಲು ಕುಸಿಯುತ್ತದೆ, ಅಂಗಿಯ ಗುಂಡಿ ಹಾಕಲು ಬೆರಳು ಮಡಚುವುದಿಲ್ಲ. ಇನ್‌ಕ್ಲೂಷನ್ ಬಾಡಿ ಮಯೋಸೈಟಿಸ್ (ಸ್ನಾಯುಗಳು ನಿಧಾನವಾಗಿ ಕರಗುವ ಕಾಯಿಲೆ) ಇರಬಹುದೆಂದು ವೈದ್ಯರು ಬಯಾಪ್ಸಿ (ಸ್ನಾಯುವಿನ ಚೂರು ತೆಗೆದು ಮಾಡುವ ಪರೀಕ್ಷೆ) ಬರೆದಿದ್ದಾರೆ. ಮಾಡಿಸಬೇಕೇ, ಮೊದಲು ಸ್ಟೀರಾಯ್ಡ್ ಕೊಡಿಸಿ ನೋಡಬಹುದೇ?

ಸಿಂಧನೂರಿನಿಂದ: ನಾವು ನೋಡಿದ್ದು ಸಾಕು. ಪಾಲಿಮಯೋಸೈಟಿಸ್ (ಸ್ಟೀರಾಯ್ಡಿಗೆ ಬಗ್ಗುವ ಇನ್ನೊಂದು ಸ್ನಾಯು ಉರಿಯೂತ) ಎಂದು ನಂಬಿ ನಮ್ಮಣ್ಣನಿಗೆ 14 ತಿಂಗಳು ಸ್ಟೀರಾಯ್ಡ್ ನುಂಗಿಸಿದೆವು. ಸ್ನಾಯುವಿನ ಹಾನಿ ತೋರಿಸುವ ರಕ್ತಪರೀಕ್ಷೆ ಸಿಪಿಕೆ 900ರಿಂದ 280ಕ್ಕೆ ಇಳಿದ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಆ ಹೋಳಿಗೆಯನ್ನು ಮುರಿಯಲು ಅಣ್ಣನ ಬೆರಳುಗಳಿಗೆ ಆಗಲಿಲ್ಲ. ಸಕ್ಕರೆ ಕಾಯಿಲೆ ಬಂತು, ಕಣ್ಣಿಗೆ ಪೊರೆ ಬಂತು, ಅದರ ಆಪರೇಷನ್ನಿಗೆ 22,000 ರೂಪಾಯಿ ಹೋಯಿತು. ಕೊನೆಗೆ ಬಯಾಪ್ಸಿಯಲ್ಲಿ ಇನ್‌ಕ್ಲೂಷನ್ ಬಾಡಿ ರೋಗದ ಗುರುತಾದ ಸ್ನಾಯುಕೋಶದ ಪೊಳ್ಳುಗಳು, ಅಂದರೆ ರಿಮ್ಡ್ ವ್ಯಾಕ್ಯೂಲ್‌ಗಳು ಕಂಡವು. ಇನ್ನು ಐವಿಐಜಿಗೆಂದು, ಅಂದರೆ ನರಕ್ಕೆ ಹಾಕುವ ಪ್ರತಿಕಾಯಗಳ ಔಷಧಕ್ಕೆಂದು, ಗದ್ದೆ ಮಾರುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಸಿರುಗುಪ್ಪದಿಂದ: ಆ ಗದ್ದೆ ಮಾರಿದವಳು ನಾನೇ, ಅಣ್ಣಾ. ನಮ್ಮ ಯಜಮಾನರ ತೂಕ 60 ಕಿಲೋ. ಆ ತೂಕಕ್ಕೆ ತಕ್ಕಂತೆ 5 ಗ್ರಾಮಿನ 24 ಬಾಟಲಿ, ಒಂದಕ್ಕೆ 9,200 ರೂಪಾಯಿಯಂತೆ 2,20,800 ಆಯಿತು. ಕಾಲಿಗೆ ಬಲ ಬರಲಿಲ್ಲ, ಒಪ್ಪುತ್ತೇನೆ. ಆದರೆ ಸಾರಿನಲ್ಲಿ ನೆನೆಸಿದ ರೊಟ್ಟಿಯೂ ಗಂಟಲಲ್ಲಿ ನಿಲ್ಲುತ್ತಿದ್ದ ಮನುಷ್ಯ ಮೂರು ತಿಂಗಳು ಕೆಮ್ಮದೆ ಅನ್ನ ಉಂಡರು. ಅದರ ಬೆಲೆ ನಿಮಗೇನು ಗೊತ್ತು?

ಗಂಗಾವತಿಯಿಂದ: ನಾನೇ ರೋಗಿ, ನಿವೃತ್ತ ಶಿಕ್ಷಕ. ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ಸಿನ ಮೆಟ್ಟಿಲನ್ನು ಮಗನ ಹೆಗಲು ಹಿಡಿದು ಹತ್ತಿ ನಿಮ್ಹಾನ್ಸ್‌ಗೆ ಹೋಗಿ ಬರುತ್ತೇನೆ. ಈ ರೋಗದಲ್ಲಿ ಸ್ನಾಯುವಿನೊಳಗೆ ನುಗ್ಗುವ ಟಿ ಕೋಶಗಳು (ರೋಗನಿರೋಧಕ ಬಿಳಿ ರಕ್ತಕಣಗಳು) ಸ್ಟೀರಾಯ್ಡಿಗೆ ಜಗ್ಗುವಂಥವಲ್ಲ. ಜೊತೆಗೆ ಸ್ನಾಯುಕೋಶದಲ್ಲಿ ಟಿಡಿಪಿ-43ರಂಥ ಪ್ರೋಟೀನುಗಳು ಗಂಟುಗಟ್ಟುತ್ತವೆ, ಇವೆರಡರಲ್ಲಿ ಯಾವುದು ಮೊದಲು ಎಂಬ ವಾದ ಸಂಶೋಧಕರಲ್ಲಿ ಇನ್ನೂ ಮುಗಿದಿಲ್ಲ. ಬಿಮಾಗ್ರುಮಾಬ್ ಎಂಬ ಔಷಧವನ್ನು 251 ರೋಗಿಗಳಲ್ಲಿ ಪರೀಕ್ಷಿಸಿದಾಗ ಮೈಯ ಮಾಂಸ ಕೊಂಚ ಹೆಚ್ಚಿತೇ ಹೊರತು ಆರು ನಿಮಿಷದಲ್ಲಿ ನಡೆಯುವ ದೂರ ಹೆಚ್ಚಲಿಲ್ಲವೆಂದು 2019ರಲ್ಲಿ ಪ್ರಕಟವಾದಾಗ ನಾನು ಎರಡು ದಿನ ಊಟ ಬಿಟ್ಟಿದ್ದೆ. ಈ ರೋಗದ ಪತ್ತೆಗೆ ಮಾಡುವ ಸಿಎನ್1ಎ ಪ್ರತಿಕಾಯದ ರಕ್ತಪರೀಕ್ಷೆ ನೆಗೆಟಿವ್ ಬಂದರೂ ರೋಗವಿಲ್ಲವೆಂದು ಅರ್ಥವಲ್ಲ, ನನ್ನದೂ ನೆಗೆಟಿವ್.

ಸಿಂಧನೂರಿನಿಂದ: ಮೇಷ್ಟ್ರೇ, ನಾಲ್ಕು ಲೇಖನ ಓದಿದವರೆಲ್ಲ ವೈದ್ಯರಾಗುವುದಿಲ್ಲ.

ಗಂಗಾವತಿಯಿಂದ: ಓದದೆ ಇದ್ದುದರಿಂದಲೇ ನಿಮ್ಮಣ್ಣನವರು 14 ತಿಂಗಳು ಮಾತ್ರೆ ನುಂಗಿದರು.

ಸಿರುಗುಪ್ಪದಿಂದ: ಆ ಕೊಪ್ಪಳದ ಹುಡುಗ ಬಯಾಪ್ಸಿಯ ಮಾತು ಕೇಳಿದ್ದ. ನಮ್ಮ ಯಜಮಾನರಿಗೆ ತೊಡೆಯಿಂದ ತೆಗೆದಿದ್ದರು, ಮೂರು ಹೊಲಿಗೆ, ಹತ್ತನೆಯ ದಿನಕ್ಕೆ ಬಿಚ್ಚಿದರು, ಅಷ್ಟೇ.